ಕಟ್ಟಡ ನಿರ್ವಹಣೆಯ ಹುದ್ದೆಗೆ ಹೋಗಬೇಕಾ? ಕಲಬುರಗಿಯ ಒಬ್ಬ ಜೆಇ ಮೇಡಂ ಪ್ರಕರಣ

ಸುತ್ತೋಲೆ ಒಂದೇ ಪುಟದ್ದು. ಕಲಬುರಗಿ ನಗರದ ಅಂಚಿನಲ್ಲಿರುವ ಒಂದು ಸರ್ಕಾರಿ ಸ್ವಾಯತ್ತ ಸಂಸ್ಥೆಗೆ ‘ಕಟ್ಟಡ ನಿರ್ವಹಣಾ ವ್ಯವಸ್ಥಾಪಕರು’ ಬೇಕು. ಹೊರಗಿನವರಿಗೆ ಅವಕಾಶವಿಲ್ಲ. ಈಗಾಗಲೇ ಸರ್ಕಾರಿ ಸೇವೆಯಲ್ಲಿರುವ ಸಿವಿಲ್ ಇಂಜಿನಿಯರುಗಳು ತಮ್ಮ ಮೇಲಧಿಕಾರಿ ಮೂಲಕ ಇಚ್ಛಾಪತ್ರ ಕಳಿಸಬೇಕು. ಅವಧಿ ಮೂರು ವರ್ಷ. ಕೆಲಸ ಏನು ಅನ್ನೋದಕ್ಕೆ ಒಂದೇ ಸಾಲು ಇತ್ತು: ಆವರಣದ ಎಲ್ಲ ಕಟ್ಟಡಗಳ ನಿರ್ವಹಣೆ ಹಾಗೂ ಮೇಲಧಿಕಾರಿಗಳು ಸೂಚಿಸುವ ಇತರೆ ಕೆಲಸಗಳು.

ಇಂಥ ಕಾಗದ ಬಂದರೆ ನಾನು ಮೊದಲು ನೋಡೋದು ಆ ‘ಇತರೆ’ಯನ್ನೇ. ಅದರೊಳಗೆ ಅತಿಥಿಗೃಹದ ಬೆಡ್‌ಶೀಟೂ ಬರುತ್ತದೆ, ಗಣರಾಜ್ಯೋತ್ಸವದ ಶಾಮಿಯಾನವೂ ಬರುತ್ತದೆ.

ಈ ಸುತ್ತೋಲೆ ಹಿಡಿದು ನನ್ನ ಹತ್ತಿರ ಬಂದವರು ಸೇಡಂ ಕಡೆಯ ಒಂದು ಉಪವಿಭಾಗದ ಜೂನಿಯರ್ ಇಂಜಿನಿಯರ್. ಎಲ್ಲರೂ ಜೆಇ ಮೇಡಂ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಸಿವಿಲ್ ಡಿಪ್ಲೊಮಾ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದ ಸ್ಥಳೀಯ ವೃಂದದಲ್ಲಿ ನೇಮಕವಾದವರು. ಮನೆ ಕಲಬುರಗಿಯಲ್ಲಿ, ಕೆಲಸ ಅಲ್ಲಿ. ಮಳಖೇಡದ ಮೇಲೆ ಹಾದು, ಸಿಮೆಂಟ್ ಲಾರಿಗಳ ಹಿಂದೆ ಬಸ್ಸಿನಲ್ಲಿ ದಿನಾ ಓಡಾಟ. ಮಗಳು ಹೈಸ್ಕೂಲಿಗೆ ಬಂದಿದ್ದಾಳೆ. ನಾನು ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಆಗಿ ನಿವೃತ್ತಿಯಾದವನು. ಹೊಸ ಕಾಮಗಾರಿ, ದುರಸ್ತಿ ಎರಡೂ ಕಡೆ ಇದ್ದೆ. ಅದಕ್ಕೇ ಕೇಳಲು ಬಂದಿದ್ದರು.

“ಸರ್, ಹೋಗ್ಲೋ ಬ್ಯಾಡೋ, ಅಷ್ಟ ಹೇಳ್ರಿ” ಅಂದರು.

ಅಷ್ಟೇ ಹೇಳೋಕಾಗಲ್ಲ ಅಲ್ವಾ. ಒಂದೊಂದೇ ಬಿಡಿಸಿ ನೋಡಿದೆವು. ಆ ಲೆಕ್ಕಾಚಾರವೇ ಈ ಬರಹ.

ಅವರ ಆಫೀಸಿನಲ್ಲಿ ಆಗಲೇ ತೀರ್ಪು ಬಂದಾಗಿತ್ತು. ಅದು ಸೈಡ್ ಪೋಸ್ಟು, ನಲ್ಲಿ ರಿಪೇರಿ ಮಾಡಿಸೋ ಕೆಲಸ, ಇಂಜಿನಿಯರ್ ಅನ್ನೋ ಹೆಸರೇ ಹೋಗುತ್ತೆ ಅಂತ. ಈ ಮಾತನ್ನು ನಾನೂ ಬಹಳ ಕೇಳಿದ್ದೇನೆ. ಹೊಸ ರಸ್ತೆ, ಹೊಸ ಕಟ್ಟಡ ಇದ್ದರೆ ಫಲಕದಲ್ಲಿ ಹೆಸರು ಬರುತ್ತದೆ, ಗುದ್ದಲಿ ಪೂಜೆಯಲ್ಲಿ ಫೋಟೊ ಬರುತ್ತದೆ. ಬೇರೆ ‘ಅನುಕೂಲ’ಗಳೂ ಇರುತ್ತವೆ ಅಂತ ಕೆಲವರ ಲೆಕ್ಕ, ಅದನ್ನು ಬಿಡೋಣ. ಸೋರೋ ಟೆರೇಸು ನಿಲ್ಲಿಸಿದರೆ ಫಲಕ ಹಾಕೋರು ಯಾರೂ ಇಲ್ಲ. ಆದರೆ ಕಟ್ಟಡ ಯಾಕೆ ಕೆಡುತ್ತದೆ ಅಂತ ತಿಳಿಯೋದು ದುರಸ್ತಿಯಲ್ಲೇ. ಹಾಗಾಗಿ ‘ಸೈಡ್ ಪೋಸ್ಟು’ ಅನ್ನೋ ಮಾತನ್ನು ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ. ನನ್ನ ಚಿಂತೆ ಬೇರೆ ಇತ್ತು. ಕೆಟ್ಟದ್ದಕ್ಕೆಲ್ಲ ಇವರು ಹೊಣೆ, ಸರಿ ಮಾಡೋಕೆ ಬೇಕಾದ ಅಧಿಕಾರ ಇನ್ನೊಬ್ಬರ ಕೈಯಲ್ಲಿ ಅಂತಾದರೆ ಮೂರು ವರ್ಷ ಬೈಗುಳ ತಿನ್ನೋದೇ ಕೆಲಸವಾಗುತ್ತದೆ.

ಮೊದಲ ಪ್ರಶ್ನೆ: ಹೋಗೋದು ಯಾವ ರೂಪದಲ್ಲಿ? ಸುತ್ತೋಲೆಯಲ್ಲಿ ‘ನಿಯೋಜನೆ/ಪ್ರಭಾರ’ ಅಂತ ಅಡ್ಡಗೆರೆ ಹಾಕಿ ಎರಡನ್ನೂ ಬರೆದಿದ್ದರು. ನಿಯೋಜನೆ ಅಂದರೆ ಒಂದು ಅವಧಿಗೆ ಪೂರ್ತಿಯಾಗಿ ಆ ಸಂಸ್ಥೆಗೆ ಹೋಗಿ ಕೆಲಸ ಮಾಡೋದು, ಪ್ರಭಾರ ಅಂದರೆ ಹುದ್ದೆಯ ಹೊಣೆ ಮಾತ್ರ ವಹಿಸಿಕೊಳ್ಳೋದು. ಎರಡಕ್ಕೂ ಅಜಗಜಾಂತರ. ಮೂರನೆಯದೂ ಒಂದಿದೆ, ಎಲ್ಲರ ಬಾಯಲ್ಲಿರೋ ಓಓಡಿ, ಅಂದರೆ ಅನ್ಯ ಕರ್ತವ್ಯ. ಓಓಡಿಯಲ್ಲಿ ಸಂಬಳ ಹಳೇ ಹುದ್ದೆಯಿಂದ, ಕೆಲಸ ಹೊಸ ಜಾಗದಲ್ಲಿ. ಹಳೇ ಸಾಹೇಬರೂ ಕರೆಯುತ್ತಾರೆ, ಹೊಸ ಸಾಹೇಬರೂ ಕರೆಯುತ್ತಾರೆ. ಯಾವತ್ತು ಬೇಕಾದರೂ ರದ್ದಾಗುತ್ತದೆ. ಪ್ರಭಾರದಲ್ಲಿ ಎರಡು ಥರ. ನಾಗರಿಕ ಸೇವಾ ನಿಯಮಾವಳಿಯ ನಿಯಮ 32ರಡಿ ಮೇಲಿನ ಹುದ್ದೆಯ ಸ್ವತಂತ್ರ ಪ್ರಭಾರ ಒಂದು, ಇರೋ ಕೆಲಸದ ಜೊತೆಗೆ ಹೆಚ್ಚುವರಿ ಪ್ರಭಾರ ಇನ್ನೊಂದು. ನಿಯಮ 68ರಡಿ ಪ್ರಭಾರ ಭತ್ಯೆ ಸಿಗುತ್ತದೆ, ಆದರೆ ಮೇಲಿನ ಹುದ್ದೆಯ ಪೂರ್ತಿ ಸಂಬಳ ಬರೋದಿಲ್ಲ. ಹೆಚ್ಚುವರಿ ಪ್ರಭಾರವಾದರೆ ಸೇಡಂ ದಾರಿಯ ಬಸ್ಸೂ ತಪ್ಪಲ್ಲ, ಇಲ್ಲಿನ ಲಿಫ್ಟೂ ತಪ್ಪಲ್ಲ. ನಿಯೋಜನೆ ಮಾತ್ರ ಸರಿಯಾದ ದಾರಿ. ಮಾತೃ ಇಲಾಖೆಯಲ್ಲಿ ಲೀನ್, ಅಂದರೆ ಹಳೇ ಹುದ್ದೆಯ ಮೇಲಿನ ಹಕ್ಕು, ಉಳಿಯುತ್ತದೆ, ಜ್ಯೇಷ್ಠತೆ ಉಳಿಯುತ್ತದೆ, ಬಡ್ತಿ ಸರದಿ ಬಂದರೆ ವಾಪಸ್ ಹೋಗಬಹುದು. ಜಾಗ ಕಲಬುರಗಿಯಲ್ಲೇ ಇರೋದರಿಂದ ಸ್ಥಳೀಯ ವೃಂದದ ತಕರಾರೂ ಇಲ್ಲ.

“ಯಾವುದು ಕೊಡ್ತಾರ ಅಂತ ಕೇಳಿದ್ರ, ಮೊದಲ ಬಂದು ಸೇರ್ರಿ, ಆಮ್ಯಾಲೆ ನೋಡೂಣು ಅಂತಾರ್ರಿ” ಅಂದರು ಮೇಡಂ. ಆ ‘ಆಮ್ಯಾಲೆ’ ಬರೋಷ್ಟರಲ್ಲಿ ಎಷ್ಟೋ ಜನ ನಿವೃತ್ತಿಯಾಗಿದ್ದಾರೆ.

ಎರಡನೆಯದು: ಹುದ್ದೆ ನಿಜವಾಗಲೂ ಇದೆಯಾ? ಮಂಜೂರಾದ ಹುದ್ದೆಯೋ, ಸುಮ್ನೆ ಆಡಳಿತ ಮಂಡಳಿ ಹುಟ್ಟುಹಾಕಿದ ಪದನಾಮವೋ? ಮಂಜೂರಾತಿ ಆದೇಶದ ಪ್ರತಿ ಕೇಳಿ ಅಂದೆ. ಒಂದು ವಾರ ತಡವಾಯಿತು, ಆದರೆ ಸಿಕ್ಕಿತು. ಹುದ್ದೆ ಸಹಾಯಕ ಇಂಜಿನಿಯರ್ ದರ್ಜೆಯದು. ಅದರ ಕೆಳಗೆ ಒಬ್ಬ ವಿದ್ಯುತ್ ಜೆಇ, ಒಬ್ಬ ದ್ವಿತೀಯ ದರ್ಜೆ ಸಹಾಯಕ. ಎರಡೂ ಖಾಲಿ. ಪ್ಲಂಬರ್, ಎಲೆಕ್ಟ್ರೀಷಿಯನ್, ಪಂಪ್ ಆಪರೇಟರ್, ಸ್ವಚ್ಛತೆಯವರು ಎಲ್ಲರೂ ಹೊರಗುತ್ತಿಗೆ.

ಇಲ್ಲಿಗೆ ಕಾಗದ ನೋಡೋದು ನಿಲ್ಲಿಸಿ, ಒಂದು ಭಾನುವಾರ ಆವರಣ ನೋಡಲು ಹೋದೆವು. ಏಪ್ರಿಲ್ ಕೊನೆ. ನಮ್ಮ ಕಡೆ ಆಗ ಸರ್ಕಾರಿ ಆಫೀಸುಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ಮಾತ್ರ. ಬಿಸಿಲಿಗೆ ಕೊಟ್ಟ ರಿಯಾಯಿತಿ ಅದು. ನಿರ್ವಹಣೆಯವರಿಗೆ ಆ ರಿಯಾಯಿತಿ ಇಲ್ಲ ಅನ್ನೋದು ಗೇಟಿನಲ್ಲೇ ಗೊತ್ತಾಯಿತು. ರಜಾ ದಿನ, ಉರಿ ಬಿಸಿಲು, ಹುಡುಗಿಯರ ಹಾಸ್ಟೆಲಿನಲ್ಲಿ ನೀರಿಲ್ಲ. ಬೋರ್‌ವೆಲ್ ಮೋಟರ್ ಸುಟ್ಟಿತ್ತು. ವಾಚ್‌ಮನ್ ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಿಲ್ಲದೆ ಗ್ರಂಥಪಾಲಕರಿಗೆ ಮಾಡಿದ್ದ.

ಹಳೇ ಬ್ಲಾಕುಗಳನ್ನು ನೋಡಿದೆವು. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋದ ಬಿರುಕುಗಳು. ಪ್ರತಿ ವರ್ಷ ಪ್ಲಾಸ್ಟರ್ ಬಳಿದು ಬಣ್ಣ ಹಚ್ಚಿದ್ದಾರೆ, ಪ್ರತಿ ವರ್ಷ ಬಿರುಕು ಅದೇ ಜಾಗದಲ್ಲಿ ಬಾಯಿ ಬಿಟ್ಟಿದೆ. ಕಾರಣ ಗೋಡೆಯಲ್ಲಿಲ್ಲ, ಕೆಳಗಿರೋ ಎರೆ ಮಣ್ಣಿನಲ್ಲಿದೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಕಟ್ಟಡದ ನಡುಭಾಗ ಅಷ್ಟಾಗಿ ಅಲುಗಲ್ಲ, ಅಂಚು ಅಲುಗುತ್ತದೆ. ಪಾಯದ ಸುತ್ತ ಹಾಕಿದ್ದ ಪರ್ಸಿ ಕಲ್ಲು ಎದ್ದುಹೋಗಿ, ಅಡುಗೆಮನೆಯ ನೀರು ನೇರ ಗೋಡೆಬುಡಕ್ಕೆ ಇಂಗುತ್ತಿತ್ತು. ಎರಡು ಮಾರು ದೂರದಲ್ಲಿ ದೊಡ್ಡ ಮರ, ಅದು ಬೇಸಿಗೆಯಲ್ಲಿ ಇರೋಬರೋ ತೇವ ಎಳೆಯುತ್ತದೆ. ಸುತ್ತ ನೀರು ಇಂಗದ ಹಾಗೆ ಅಗಲವಾದ ಪಟ್ಟಿ, ಸರಿಯಾದ ಚರಂಡಿ, ಸೋರೋ ಪೈಪಿನ ದುರಸ್ತಿ. ಇಷ್ಟು ಮಾಡಿದರೆ ಬಣ್ಣದ ಖರ್ಚು ಎಷ್ಟೋ ಉಳಿಯುತ್ತದೆ. ಶಹಾಬಾದ್ ಕಲ್ಲು ಹತ್ತಿರದಲ್ಲೇ ಸಿಗುತ್ತದೆ, ದುಬಾರಿ ಕೆಲಸವೂ ಅಲ್ಲ.

ಟೆರೇಸಿಗೆ ಹೋದರೆ ನೀರಿಳಿಯೋ ಕೊಳವೆಯ ಬಾಯಲ್ಲಿ ಅರಳಿ ಸಸಿ. ಬೇರು ಪ್ಯಾರಾಪೆಟ್ ಒಳಗೆ ಹೋಗಿತ್ತು. ಜೆಇ ಮೇಡಂ ಮೊಬೈಲಿನಲ್ಲಿ ಫೋಟೊ ತೆಗೀತಾ ಹೋದರು. ಮುಖ ನೋಡಿದರೆ ಬೇಸರ ಇರಲಿಲ್ಲ, ಎಸ್ಟಿಮೇಟ್ ಬರೆಯೋರ ಮುಖ ಇತ್ತು. ಅರ್ಧ ಉತ್ತರ ನನಗೆ ಅಲ್ಲೇ ಸಿಕ್ಕಿತು.

ವಿದ್ಯುತ್ ಕಡೆಯದು ಅವರ ವಿಷಯವಲ್ಲ, ಆದರೆ ವಿದ್ಯುತ್ ಜೆಇ ಹುದ್ದೆ ಖಾಲಿ ಇದ್ದರೆ ಅದೂ ಇವರ ತಲೆಗೇ. ಆವರಣಕ್ಕೆ ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನ ಎಚ್‌ಟಿ (ಹೈ ಟೆನ್ಷನ್) ಸಂಪರ್ಕ ಇದೆ. ಎಚ್‌ಟಿ ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ (ತಗೊಂಡ ಕರೆಂಟಿನಲ್ಲಿ ಎಷ್ಟು ಪಾಲು ಉಪಯೋಗಕ್ಕೆ ಬಂತು ಅನ್ನೋ ಅಳತೆ) 0.90ಕ್ಕಿಂತ ಕೆಳಗಿಳಿದರೆ ದಂಡ ಬೀಳುತ್ತದೆ. ಅದನ್ನು ಸರಿ ಇಡೋ ಕೆಪಾಸಿಟರ್ ಪ್ಯಾನೆಲ್ ಇತ್ತು, ಬಾಗಿಲು ತುಕ್ಕು ಹಿಡಿದು ತೆಗೆಯಲು ಬರಲಿಲ್ಲ. ಲಿಫ್ಟಿನೊಳಗೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಹಚ್ಚಿದ್ದರು, ಅವಧಿ ಮುಗಿದಿತ್ತು. ಬೆಂಕಿ ಆರಿಸೋ ಸಿಲಿಂಡರುಗಳದ್ದೂ ಅದೇ ಕತೆ. ಇವೆಲ್ಲ ನಡೀತಾ ಇರೋವರೆಗೆ ಯಾರೂ ಕೇಳಲ್ಲ. ಏನಾದರೂ ಆದ ದಿನ ಮೊದಲ ನೋಟಿಸು ಬರೋದು ನಿರ್ವಹಣಾ ವ್ಯವಸ್ಥಾಪಕರ ಹೆಸರಿಗೆ.

ಅಲ್ಲಿ ಭೇಟಿಯಾದವರಲ್ಲಿ ಮುಖ್ಯರಾದವರು ಒಬ್ಬ ಹಿರಿಯ ಪ್ಲಂಬರ್. ಆವರಣದ ಯಾವ ಪೈಪು ಎಲ್ಲಿ ಹೋಗುತ್ತದೆ, ಯಾವ ವಾಲ್ವ್ ಮಣ್ಣಿನಡಿ ಮುಚ್ಚಿದೆ ಅಂತ ಗೊತ್ತಿರೋದು ಅವರೊಬ್ಬರಿಗೇ. ನಕಾಶೆ ಎಲ್ಲೂ ಇಲ್ಲ. ಅವರೂ ಹೊರಗುತ್ತಿಗೆಯವರು. ಮುಂದಿನ ಟೆಂಡರಿನಲ್ಲಿ ಬೇರೆ ಏಜೆನ್ಸಿ ಬಂದು ಬೇರೆಯವರನ್ನು ತಂದರೆ ಇಡೀ ಆವರಣದ ನೀರಿನ ನಕಾಶೆ ಅವರ ಜೊತೆ ಮನೆಗೆ ಹೋಗುತ್ತದೆ. ಇಂಥವರನ್ನೇ ಇಟ್ಟುಕೊಳ್ಳಿ ಅಂತ ಟೆಂಡರಿನಲ್ಲಿ ಹೆಸರು ಬರೆಯೋಕೂ ಬರಲ್ಲ.

ಈಗ ದುಡ್ಡಿನ ಮಾತು. ಸರ್ಕಾರಿ ಕಟ್ಟಡಗಳ ದುರಸ್ತಿಗೆ ಲೋಕೋಪಯೋಗಿ ಇಲಾಖೆಗೆ ಬರೋ ಹಣ 2059 ಲೆಕ್ಕ ಶೀರ್ಷಿಕೆಯದು. ಹೊಸ ಕಟ್ಟಡದ್ದು 4059. ಎರಡರ ಸಂಖ್ಯೆ ಹತ್ತಿರ, ಅದೃಷ್ಟ ಬಹಳ ದೂರ. ಹೊಸದಕ್ಕೆ ದುಡ್ಡು ತರೋ ಜನ ಎಲ್ಲ ಕಡೆ ಸಿಗುತ್ತಾರೆ, ಇರೋದನ್ನು ಉಳಿಸೋಕೆ ಕೇಳಿದರೆ ‘ಮುಂದಿನ ವರ್ಷ ನೋಡೋಣ’ ಅನ್ನುತ್ತಾರೆ. ಇದು ಸ್ವಾಯತ್ತ ಸಂಸ್ಥೆ, ದುರಸ್ತಿ ಖರ್ಚು ತನ್ನ ಬಜೆಟ್ಟಿನಿಂದಲೇ. ಆ ಬಜೆಟ್ ಪುಸ್ತಕ ತಂದು ನೋಡಿದೆವು. ‘ನಿರ್ವಹಣೆ’ ಅಂತ ಒಂದೇ ಸಾಲು. ಕರೆಂಟ್ ಬಿಲ್ಲು, ಭದ್ರತೆ, ಸ್ವಚ್ಛತೆ, ಜನರೇಟರಿನ ಡೀಸೆಲ್ ಎಲ್ಲ ಅದರೊಳಗೇ. ಇವನ್ನೆಲ್ಲ ಕಳೆದ ಮೇಲೆ ಗೋಡೆ, ಟೆರೇಸಿಗೆ ಉಳಿಯೋದು ಚಿಲ್ಲರೆ.

ಇನ್ನೊಂದು ಹೆಚ್ಚು ಅಪಾಯದ್ದು. ಸಣ್ಣ ಮೊತ್ತಕ್ಕೂ ಕಡತ ಆಡಳಿತಾಧಿಕಾರಿ, ಹಣಕಾಸು ಅಧಿಕಾರಿ ಇಬ್ಬರ ಟೇಬಲ್ ದಾಟಬೇಕು. ಮೋಟರ್ ಸುಟ್ಟ ದಿನ ಯಾರು ಕಾಯುತ್ತಾರೆ? ಯಾರಾದರೂ ಗುತ್ತಿಗೆದಾರನಿಗೆ ಬಾಯಿಮಾತಲ್ಲಿ ಹೇಳಿ ಮಾಡಿಸುತ್ತಾರೆ. ಬಿಲ್ಲು ಆಮೇಲೆ. ಟೆಂಡರ್ ಮಿತಿ ದಾಟದ ಹಾಗೆ ಒಂದೇ ಕೆಲಸವನ್ನು ಮೂರು ನಾಲ್ಕು ತುಂಡು ಮಾಡುತ್ತಾರೆ. ಸರ್ಕಾರಿ ಖರೀದಿಗೆ ಇರೋ 1999ರ ಪಾರದರ್ಶಕತೆ ಅಧಿನಿಯಮ ತುಂಡು ಮಾಡೋದನ್ನು ಒಪ್ಪಲ್ಲ. ಆಡಿಟ್‌ನವರು ಬಂದಾಗ ಮೊದಲು ಹಿಡಿಯೋದೂ ಅದನ್ನೇ. ಹಿಂದೆ ಇದ್ದವರು ಇಂಥ ಕೆಲಸಗಳನ್ನು ಮಾಡಿಸಿ, ಬಿಲ್ಲಿಗೆ ಆಧಾರವಾಗೋ ಅಳತೆ ಪುಸ್ತಕ (ಎಂ.ಬಿ.) ಬರೆಯದೆ ವರ್ಗವಾಗಿ ಹೋಗಿದ್ದರು. ಗುತ್ತಿಗೆದಾರರು ಹೊಸಬರಿಗಾಗಿ ಕಾದು ಕೂತಿದ್ದರು.

ಇದೊಂದರಲ್ಲಿ ನಾನು ಗಟ್ಟಿಯಾಗಿ ಹೇಳಿದೆ. “ತಂಗಿ, ನೀ ನಿಂತು ಮಾಡಿಸದ ಕೆಲಸಕ್ಕ ಎಂ.ಬಿ. ಬರೀಬ್ಯಾಡ. ಯಾರು ಹೇಳಿದ್ರೂ ಬರೀಬ್ಯಾಡ. ಚಾರ್ಜ್ ತಗೊಳ್ಳೂ ಮುಂದ ಆ ಬಿಲ್ಲುಗಳ ಪಟ್ಟಿ ಮಾಡಿ, ನನ್ನ ಕಾಲದ್ದಲ್ಲ ಅಂತ ಬರೆದು ಸಹಿ ತಗೋ.” ತುರ್ತು ಕೆಲಸಕ್ಕೆ ದಾರಿಯೂ ಇದೆ. ವರ್ಷದ ಆರಂಭದಲ್ಲೇ ಪ್ಲಂಬಿಂಗ್, ಮೋಟರ್ ರಿವೈಂಡಿಂಗ್, ಸಣ್ಣ ಸಿವಿಲ್ ಕೆಲಸಗಳಿಗೆ ಟೆಂಡರ್ ಕರೆದು ಇಡೀ ವರ್ಷದ ದರ ಒಪ್ಪಂದ ಮಾಡಿಟ್ಟರೆ, ಮೋಟರ್ ಸುಟ್ಟ ರಾತ್ರಿ ಕಾನೂನು ಮುರಿಯೋ ಅಗತ್ಯ ಬರಲ್ಲ. ಆ ಸಂಸ್ಥೆಯಲ್ಲಿ ಅದನ್ನು ಯಾರೂ ಮಾಡಿರಲಿಲ್ಲ.

ಹೊರಗುತ್ತಿಗೆ ಜನರ ಹೊಣೆಯೂ ಹಗುರವಲ್ಲ. ಏಜೆನ್ಸಿ ಕೂಲಿ ಕೊಡದೆ ಕೈ ಎತ್ತಿದರೆ ಮೂಲ ಉದ್ಯೋಗದಾತರೇ ಕೊಡಬೇಕು. ಪಿಎಫ್, ಇಎಸ್‌ಐ ಕಟ್ಟಿದ ಚಲನ್ ನೋಡದೆ ಏಜೆನ್ಸಿ ಬಿಲ್ಲಿಗೆ ಸಹಿ ಹಾಕೋದು ಕೊರಳಿಗೆ ಹಗ್ಗ ಹಾಕಿಕೊಂಡಂತೆ. ಹಾಸ್ಟೆಲ್ ಹಿಂದಿನ ಸೆಪ್ಟಿಕ್ ಟ್ಯಾಂಕ್ ನೋಡಿ ನನಗೆ ಭಯವೇ ಆಯಿತು. ಮ್ಯಾನ್‌ಹೋಲ್ ಮುಚ್ಚಳ ಒಡೆದಿತ್ತು, ಪಕ್ಕದಲ್ಲಿ ಬಕೆಟ್ಟು, ಹಗ್ಗ ಬಿದ್ದಿದ್ದವು. ಯಾರನ್ನೋ ಒಳಗಿಳಿಸಿದ್ದಾರೆ ಅಂತ ನನ್ನ ಅನುಮಾನ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಸುರಕ್ಷೆಯ ಸಾಧನವಿಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕ್ ಸ್ವಚ್ಛತೆಗೆ ಇಳಿಸೋದು ಅಪರಾಧ, ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಆಗಬಹುದು. ಚರಂಡಿ ಸ್ವಚ್ಛತೆಯಲ್ಲಿ ಸಾವಾದರೆ 30 ಲಕ್ಷ ಪರಿಹಾರ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಕಾನೂನು ಬಿಡಿ, ಒಂದು ಜೀವ ಹೋದರೆ ಆ ಹುದ್ದೆಯಲ್ಲಿದ್ದವರಿಗೆ ನಿದ್ದೆ ಬರುತ್ತಾ? ಸಕ್ಕಿಂಗ್ ಯಂತ್ರ ತರಿಸದೆ ಆ ಮುಚ್ಚಳ ತೆಗೆಯಲ್ಲ ಅನ್ನೋದು ಜೆಇ ಮೇಡಂ ಅಲ್ಲೇ ಮಾಡಿದ ತೀರ್ಮಾನ.

ಸಂಬಳದ ವಿಷಯ ಬೇಗ ಮುಗಿಯುತ್ತದೆ. ನಿಯೋಜನೆಯಲ್ಲಿ ಮೂಲ ವೇತನ ಅದೇ. ನಗರಕ್ಕೆ ಬಂದರೆ ಮನೆ ಬಾಡಿಗೆ ಭತ್ಯೆ ಸ್ವಲ್ಪ ಜಾಸ್ತಿ, ಬಸ್ ಖರ್ಚು ಉಳಿತಾಯ. ಕಿರಿಕಿರಿ ಇರೋದು ಕಡಿತಗಳಲ್ಲಿ. 2006ರ ಏಪ್ರಿಲ್‌ನಿಂದ ಈಚೆಗೆ ಸೇರಿದವರಿಗೆ ಸಾಮಾನ್ಯವಾಗಿ ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ ಯೋಜನೆ. ಸರ್ಕಾರದ ಪಾಲು ಶೇ. 14. ಸಂಬಳ ಸ್ವಾಯತ್ತ ಸಂಸ್ಥೆಯಿಂದ ಆಗುವಾಗ ಆ ಪಾಲನ್ನು ಸಂಸ್ಥೆಯೇ ಕಟ್ಟಬೇಕು. ಖಜಾನೆ ಮೂಲಕ ತಾನಾಗಿ ಹೋಗುತ್ತಿದ್ದದ್ದು ಇಲ್ಲಿ ಯಾರಾದರೂ ನೆನಪಿಟ್ಟು ಕಟ್ಟಿದರೆ ಹೋಗುತ್ತದೆ. ಕೆಜಿಐಡಿ (ಸರ್ಕಾರಿ ನೌಕರರ ವಿಮೆ) ಕಂತಿನದೂ ಅದೇ ಪಾಡು. ನಿಯೋಜನೆ ಮೇಲೆ ಹೋಗಿ ವಾಪಸ್ ಬಂದವರ ಎನ್‌ಪಿಎಸ್ ಖಾತೆಯಲ್ಲಿ ತಿಂಗಳುಗಟ್ಟಲೆ ಖಾಲಿ ಇರೋದನ್ನು ನಾನು ನೋಡಿದ್ದೇನೆ. ಅದಕ್ಕೇ ಆದೇಶದಲ್ಲೇ ಒಂದು ಸಾಲು ಬರೆಸಿಕೊಳ್ಳಿ ಅಂದೆ.

ಕ್ವಾರ್ಟರ್ಸ್ ಕೊಡುತ್ತೇವೆ ಅಂತ ಸಂಸ್ಥೆಯವರು ಆಸೆ ತೋರಿಸಿದ್ದರು. ಕ್ವಾರ್ಟರ್ಸ್ ತಗೊಂಡರೆ ಮನೆ ಬಾಡಿಗೆ ಭತ್ಯೆ ಹೋಗುತ್ತದೆ, ರಾತ್ರಿ ಹನ್ನೊಂದಕ್ಕೆ ಕಾಲಿಂಗ್ ಬೆಲ್ ಬರುತ್ತದೆ. ಅವರ ಯಜಮಾನರು ಇದನ್ನು ಕೇಳಿದ ಕೂಡಲೇ “ಮನಿ ಬಿಟ್ಟು ಎಲ್ಲೂ ಹೋಗೂದು ಬ್ಯಾಡ” ಅಂದರಂತೆ. ಆ ಚರ್ಚೆ ಅಲ್ಲಿಗೇ ಮುಗಿಯಿತು.

ಬಡ್ತಿ ಲೆಕ್ಕವೂ ಇತ್ತು. ಅವರದು ಅಕೌಂಟ್ಸ್ ಹೈಯರ್ ಇಲಾಖಾ ಪರೀಕ್ಷೆ ಇನ್ನೂ ಬಾಕಿ. ಕೆಪಿಎಸ್‌ಸಿ ನಡೆಸೋ ಈ ಪರೀಕ್ಷೆ ಪಾಸಾಗದೆ ಜ್ಯೇಷ್ಠತಾ ಪಟ್ಟಿಯಲ್ಲಿ ಮೇಲಿದ್ದೂ ಉಪಯೋಗವಿಲ್ಲ. ಬಸ್ಸಿನಲ್ಲಿ ಹೋಗೋ ಹೊತ್ತು ಉಳಿದರೆ ಓದೋಕಾಗುತ್ತದೆ ಅನ್ನೋದು ಅವರ ವಾದ. ಇಂಥ ಹುದ್ದೆಯಲ್ಲಿ ಓದೋ ಹೊತ್ತು ಸಿಗುತ್ತೆ ಅನ್ನೋದನ್ನು ನಾನು ನಂಬಲಿಲ್ಲ. ಇವತ್ತಿಗೂ ನಮ್ಮಿಬ್ಬರಿಗೂ ಅದರಲ್ಲಿ ಭಿನ್ನಾಭಿಪ್ರಾಯ.

ಕೊನೆಗೆ ಅವರು ಇಚ್ಛಾಪತ್ರ ಕೊಟ್ಟರು. ಆದರೆ ಬರೀ ‘ಇಚ್ಛೆ ಇದೆ’ ಅಂತ ಬರೆಯಲಿಲ್ಲ. ನಾಲ್ಕು ವಿಷಯ ಸೇರಿಸಿದರು. ಆದೇಶ ನಿಯೋಜನೆಯದೇ ಆಗಬೇಕು, ಎನ್‌ಪಿಎಸ್, ಕೆಜಿಐಡಿ ಹೊಣೆ ಅದರಲ್ಲಿ ಬರೆದಿರಬೇಕು. ತುರ್ತು ದುರಸ್ತಿಗೆ ಒಂದು ಮಿತಿಯವರೆಗೆ ಅವರ ಸಹಿಯಲ್ಲೇ ಖರ್ಚು ಮಾಡೋ ಅಧಿಕಾರ ಬೇಕು. ಹಿಂದಿನ ಅವಧಿಯ ಬಿಲ್ಲುಗಳನ್ನು ಬೇರೆ ಸಮಿತಿ ಇತ್ಯರ್ಥ ಮಾಡಬೇಕು. ವಿದ್ಯುತ್ ಜೆಇ ಹುದ್ದೆ ತುಂಬಬೇಕು. ಪತ್ರ ನೋಡಿದ ಅವರ ಎಇಇ “ಏನ್ ಮೇಡಂ, ಹೆಣ್ಣು ಕೊಡೂ ಮುಂದ ಕರಾರು ಹಾಕಿದಂಗ ಅದ” ಅಂತ ನಕ್ಕು, ಇಲಾಖಾ ವಿಚಾರಣೆ ಬಾಕಿ ಇಲ್ಲ ಅನ್ನೋ ಪ್ರಮಾಣಪತ್ರದ ಜೊತೆ ಮುಂದಕ್ಕೆ ಕಳಿಸಿದರು. ಪುಣ್ಯಾತ್ಮರು, ತಡೆ ಹಿಡಿಯಲಿಲ್ಲ.

ಮೊದಲು ಬಂದದ್ದು ಹೆಚ್ಚುವರಿ ಪ್ರಭಾರದ ಆದೇಶ! ಜೆಇ ಮೇಡಂ ಹೋಗಿ ಸೇರಲಿಲ್ಲ. ಜಗಳವನ್ನೂ ಆಡಲಿಲ್ಲ. ತಮ್ಮ ಇಚ್ಛೆ ನಿಯೋಜನೆಗೆ ಮಾತ್ರ ಇತ್ತು ಅಂತ ಎರಡು ಸಾಲು ಬರೆದು, ಇಚ್ಛಾಪತ್ರದ ಪ್ರತಿ ಲಗತ್ತಿಸಿ, ಮೇಲಧಿಕಾರಿ ಮೂಲಕವೇ ಉತ್ತರ ಕಳಿಸಿದರು. ಮೇ ಹೋಯಿತು. ಜೂನ್‌ನಲ್ಲಿ ಒಂದು ರಾತ್ರಿ ಜೋರು ಮಳೆ ಬಂದು, ಟೆರೇಸಿನ ನೀರು ಇಳಿಯದೆ, ಲೆಕ್ಕಪತ್ರ ಶಾಖೆಯ ಕಡತಗಳೇ ನೆನೆದವು. ಬೇರೆ ಯಾರ ಕಡತ ನೆನೆದಿದ್ದರೂ ಇಷ್ಟು ಬೇಗ ಕೆಲಸ ಆಗುತ್ತಿರಲಿಲ್ಲ ಅಂತ ನನ್ನ ಅಂದಾಜು. ಜುಲೈಗೆ ನಿಯೋಜನೆ ಆದೇಶ ಬಂತು. ಕಡಿತಗಳ ಸಾಲು ಇತ್ತು. ಹಳೇ ಬಿಲ್ಲುಗಳಿಗೆ ಸಮಿತಿ ಆಗಿತ್ತು. ಖರ್ಚಿನ ಅಧಿಕಾರ ಕೇಳಿದ್ದಕ್ಕಿಂತ ಕಡಿಮೆ ಕೊಟ್ಟರು, ಆದರೆ ಒಂದು ಮೋಟರ್ ರಿವೈಂಡ್ ಮಾಡಿಸೋಕೆ ಸಾಕು. ವಿದ್ಯುತ್ ಜೆಇ ಮಾತ್ರ ಸಿಗಲಿಲ್ಲ.

ಸೇರಿದ ಮೇಲೆ ಅವರು ಮಾಡಿದ ಮೊದಲ ಕೆಲಸ ನನಗೆ ಹಿಡಿಸಿತು. ಆ ಹಿರಿಯ ಪ್ಲಂಬರ್ ಜೊತೆ ಬೆಳಿಗ್ಗೆ ಬೆಳಿಗ್ಗೆ ಆವರಣ ಸುತ್ತಿ, ಪ್ರತಿ ವಾಲ್ವಿಗೆ ಒಂದು ನಂಬರ್ ಹಾಕಿ, ಕಾಗದದ ಮೇಲೆ ನೀರಿನ ಲೈನ್ ಬರೆಸಿಕೊಂಡರು. ಲಿಫ್ಟನ್ನು ಪರವಾನಗಿ ನವೀಕರಣ ಆಗೋವರೆಗೆ ನಿಲ್ಲಿಸಿದರು. ಮೂರನೇ ಮಹಡಿಯವರು ಈಗಲೂ ಬೈಯುತ್ತಿದ್ದಾರೆ.

ಸದ್ಯ ಮುಂದಿನ ವರ್ಷದ ಬಜೆಟ್ ಪ್ರಸ್ತಾವ ಕಳಿಸೋ ಸಮಯ. ಜೆಇ ಮೇಡಂ ಪಟ್ಟಿಯಲ್ಲಿ ಮೊದಲು ಟೆರೇಸು, ನಂತರ ಪಾಯದ ಸುತ್ತಿನ ಪಟ್ಟಿ ಮತ್ತು ಚರಂಡಿ, ಆಮೇಲೆ ಕೆಪಾಸಿಟರ್ ಪ್ಯಾನೆಲ್. ಬಣ್ಣ ಕೊನೆಗೆ. ಸಂಸ್ಥೆಯ ಮುಖ್ಯಸ್ಥರಿಗೆ ಬಣ್ಣ ಮೊದಲು ಬೇಕು, ಯಾರೋ ದೊಡ್ಡವರು ಬರೋರಿದ್ದಾರಂತೆ. ಬಣ್ಣ ಹಚ್ಚಿದ ಗೋಡೆ ಮತ್ತೆ ಬಿರಿದರೆ ಹೊಣೆ ಯಾರದು ಅಂತ ಟಿಪ್ಪಣಿಯಲ್ಲೇ ಬರೆದು ಕಡತ ಮೇಲೆ ಕಳಿಸಿದ್ದಾರೆ. ಅದು ಇನ್ನೂ ಹಣಕಾಸು ಅಧಿಕಾರಿ ಟೇಬಲ್ ಮೇಲಿದೆ.